ಅಪ್‌ಡೇಟ್: ಅಮ್ಮನ ಉಪ್ಪಿನಕಾಯಿ ಪೇಜಿಗೆ ಏನು ಹಾಕಲಿ ಅಂತ ಕೇಳಿದ್ದೆನಲ್ಲ

ಸಾಗರದ ಹತ್ತಿರ ನಮ್ಮಮ್ಮ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಮಾಡಿ ಮಾರುತ್ತಾಳೆ, ಇನ್‌ಸ್ಟಾಗ್ರಾಂನಲ್ಲಿ ದಿನಾ ಪೋಸ್ಟ್ ಹಾಕಿದರೂ ಯಾರೂ ಕೇಳುವುದಿಲ್ಲ ಅಂತ ಎರಡು ತಿಂಗಳ ಹಿಂದೆ ಗೋಳು ಹೇಳಿಕೊಂಡಿದ್ದೆ. ಶುಭೋದಯ, ಆಫರ್ ಎಲ್ಲ ಬಿಟ್ಟು ಕೆಲಸ ತೋರಿಸು ಅಂದಿರಿ. ಸರಿ ಅಂತ ವಾರಕ್ಕೆ ಎರಡೇ ಹಾಕಿದೆ.

ಮೊದಲನೆಯದು ಅಮ್ಮ ಮಿಡಿ ಆರಿಸುವ ವಿಡಿಯೋ. ತೊಟ್ಟು ಮುರಿದದ್ದನ್ನು ಯಾಕೆ ಬದಿಗೆ ಹಾಕುತ್ತಾಳೆ, ಸೊನೆ ಹೋದರೆ ಪರಿಮಳವೂ ಹೋಯಿತು, ಬೇಗ ಹಾಳೂ ಆಗುತ್ತದೆ ಅಂತ ಅವಳದೇ ಮಾತಲ್ಲಿ, ಹಿಂದೆ ಕೊಟ್ಟಿಗೆಯಲ್ಲಿ ದನ ಕೂಗುವುದನ್ನೂ ಕತ್ತರಿಸದೆ ಹಾಗೇ ಬಿಟ್ಟೆ. (ಅಮ್ಮನಿಗೆ ಸೀರೆ ಹಳೆಯದು ಅಂತ ಇನ್ನೂ ಸಿಟ್ಟು.) ಲೈಕ್ ಏನೂ ಜಾಸ್ತಿ ಆಗಲಿಲ್ಲ. ಆದರೆ ಬೆಂಗಳೂರಿನಲ್ಲಿರುವ ನಮ್ಮ ಕಡೆಯವರು ಹಂಚಿದರು, ಖಾರ ಎಷ್ಟು, ಎಣ್ಣೆ ಹಾಕ್ತೀರಾ ಅಂತ ಮೆಸೇಜ್ ಬಂತು. ಆ ಪ್ರಶ್ನೆಗಳೇ ಮುಂದಿನ ಪೋಸ್ಟ್ ಆದವು.

ಒಂದು ಎಡವಟ್ಟು. ಬೆಲೆಯನ್ನು ವಾಟ್ಸಾಪ್ ಸ್ಟೇಟಸ್‌ನಲ್ಲಿ ಮಾತ್ರ ಹಾಕಿದ್ದೆ, ಅದು 24 ಗಂಟೆಗೆ ಮಾಯ ಅಲ್ವಾ! ಈಗ ವಾಟ್ಸಾಪ್ ಬಿಸಿನೆಸ್‌ನ ಕ್ಯಾಟಲಾಗ್‌ಗೆ, ಅಂದರೆ ಯಾವಾಗಲೂ ಕಾಣುವ ಸಾಮಾನಿನ ಪಟ್ಟಿಗೆ, ಸೇರಿಸಿದ್ದೇನೆ. ಮಳೆ ಹಿಡಿದರೆ ಇಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ಹಾಗಾಗಿ ಪೇಟೆಗೆ ಹೋದಾಗಲೇ ನಾಲ್ಕೈದು ಪೋಸ್ಟ್ ಹೇಳಿದ ದಿನ ತಾನಾಗೇ ಹೋಗುವ ಹಾಗೆ ಶೆಡ್ಯೂಲ್ ಮಾಡಿಟ್ಟು ಬರುತ್ತೇನೆ.