ಅಪ್‌ಡೇಟ್: ಹಳೆಯ ಮದರ್‌ಬೋರ್ಡನ್ನೇ ಉಳಿಸಿಕೊಂಡು ಅಪ್‌ಗ್ರೇಡ್ ಮುಗಿಸಿದೆ

ಮಂಡ್ಯದ ನಮ್ಮ ಮನೆಯಲ್ಲಿರುವ ಹಳೆಯ ಗೇಮಿಂಗ್ ಕಂಪ್ಯೂಟರನ್ನು 35,000 ರೂಪಾಯಿಯೊಳಗೆ ಸುಧಾರಿಸಬಹುದೇ, ಇಲ್ಲವೇ ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕೇ ಎಂದು ಕಳೆದ ತಿಂಗಳು ಕೇಳಿದ್ದೆ. ಬಿ450 ಮದರ್‌ಬೋರ್ಡನ್ನು ಉಳಿಸಿಕೊಂಡು ರೈಜೆನ್ 3 2200ಜಿ ಪ್ರೊಸೆಸರ್ ಬದಲಿಗೆ ರೈಜೆನ್ 5 5600 ಹಾಕಿ ಎಂಬ ನಿಮ್ಮ ಸಲಹೆಯಂತೆಯೇ ಮಾಡಿದೆ. ಎರಡೂ ಪ್ರೊಸೆಸರ್‌ಗಳು ಎಎಂ4 ಸಾಕೆಟ್‌ನವು, ಅಂದರೆ ಬೋರ್ಡಿನಲ್ಲಿ ಒಂದೇ ಬಗೆಯ ಜಾಗದಲ್ಲಿ ಕೂರುತ್ತವೆ.

ಹೊಸದನ್ನು ಬೋರ್ಡ್ ಗುರುತಿಸಲೆಂದು, ಹಳೆಯ ಪ್ರೊಸೆಸರ್ ಇರುವಾಗಲೇ ಬಯಾಸ್ (ಮದರ್‌ಬೋರ್ಡಿನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿಕೊಂಡೆ. ನಡುವೆ ಕರೆಂಟ್ ಹೋದರೆ ಬೋರ್ಡೇ ಕೆಡಬಹುದೆಂಬ ಭಯದಿಂದ, ಪಕ್ಕದ ಮನೆಯವರ ಯುಪಿಎಸ್ ತಂದು ಜೋಡಿಸಿದ ನಂತರವೇ ಆ ಕೆಲಸಕ್ಕೆ ಕೈ ಹಾಕಿದೆ. 8 ಜಿಬಿ ಮೆಮೊರಿಯ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡನ್ನು ಮೈಸೂರಿನಲ್ಲಿ ಒಬ್ಬರಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆ. ಅವರ ಮನೆಯಲ್ಲೇ ಅರ್ಧ ಗಂಟೆ ಗೇಮ್ ಓಡಿಸಿ, ತಾಪಮಾನ ನೋಡಿದ ಮೇಲೆಯೇ ಹಣ ಕೊಟ್ಟೆ.

ಎಲ್ಲವನ್ನೂ ಜೋಡಿಸಿ ಆನ್ ಮಾಡಿದಾಗ ಫ್ಯಾನ್‌ಗಳು ತಿರುಗಿದರೂ ಪರದೆ ಕಪ್ಪಾಗಿಯೇ ಇತ್ತು. ಅಭ್ಯಾಸಬಲದಿಂದ ಮಾನಿಟರ್‌ನ ಕೇಬಲ್ಲನ್ನು ಮದರ್‌ಬೋರ್ಡಿಗೇ ಸಿಕ್ಕಿಸಿದ್ದೆ. 2200ಜಿಯಲ್ಲಿದ್ದ ಒಳಗಿನ ಗ್ರಾಫಿಕ್ಸ್ 5600ರಲ್ಲಿ ಇಲ್ಲವಾದ್ದರಿಂದ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಹೋಗಬೇಕು. ಬದಲಿಸಿದ ತಕ್ಷಣ ಚಿತ್ರ ಬಂತು, ನನಗೂ ಜೀವ ಬಂದಂತಾಯಿತು.

ಒಂದೇ 8 ಜಿಬಿ ರ್‍ಯಾಮ್ ಇದ್ದ ಕಡೆ ಈಗ 3200 ವೇಗದ ಎರಡು ಕಡ್ಡಿಗಳಿವೆ. ಅವು ಮೊದಲು 2133ರಲ್ಲೇ ಓಡುತ್ತಿದ್ದವು. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಕಡ್ಡಿಗಳನ್ನು ಅವುಗಳ ಮೇಲೆ ಹೇಳಿದ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿದ ಬಳಿಕವಷ್ಟೇ ಪೂರ್ಣ ವೇಗಕ್ಕೆ ಬಂದವು. ಹೆಸರು, ಗುರುತು ಇಲ್ಲದ ಹಳೆಯ ಪವರ್ ಸಪ್ಲೈಯನ್ನು ತೆಗೆದು, 550 ವ್ಯಾಟ್‌ನ ಹೊಸದನ್ನು ಹಾಕಿದ್ದೇನೆ. ಬಜೆಟ್ ಮೀರಲಿಲ್ಲ. ದಾರಿ ತೋರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.