ನಾಳೆ ಬಾ

“ವಿಡಿಯೊ ಎಂಟು ನಿಮಿಷದ್ದು. ನಾನು ಕೆಲಸಕ್ಕೆ ಇಳಿದು ಇಂದಿಗೆ ಒಂಬತ್ತು ದಿನ,” ಎಂದ ಸೀನ. ಅಂಗಳದಲ್ಲಿ ಅವನ ಸ್ಪ್ಲೆಂಡರ್ ಅರ್ಧ ಕ್ಷೌರ ಮಾಡಿಸಿಕೊಂಡವನಂತೆ ನಿಂತಿತ್ತು.

“ಬಿಚ್ಚಬೇಕಾದದ್ದು ಸೈಲೆನ್ಸರ್ ತಾನೇ?” ಎಂದ ಪದ್ದಣ್ಣ.

“ಅದೇ. ಇಂಜಿನ್ ಹೆಡ್ಡಿಗೆ ಅದನ್ನು ಹಿಡಿದಿರುವುದು ಎರಡೇ ಸ್ಟಡ್, ಅಂದರೆ ತಲೆಯಿಲ್ಲದ ಬೋಲ್ಟು, ಆರು ಮಿಲಿಮೀಟರಿನವು. ಹತ್ತರ ಸ್ಪ್ಯಾನರ್ ಹಾಕಿದೆ. ಒಂದು ನಟ್ ಬಂತು.”

“ಇನ್ನೊಂದು?”

“ಅದೂ ಬಂತು. ಬರುವಾಗ ಸ್ಟಡ್ಡಿನ ಅರ್ಧವನ್ನೂ ಕರೆದುಕೊಂಡು ಬಂತು.”

ಮೇಷ್ಟ್ರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. “1994ರಲ್ಲಿ ಸ್ಪ್ಲೆಂಡರ್ ಹೊಸದಾಗಿ ಬಂದಾಗ ನಿನ್ನಪ್ಪ ಸಾಲ ಮಾಡಿ ಕೊಂಡ ಗಾಡಿ. ಕೋಡಿ ಊರಿನ ಕಡಲ ಗಾಳಿಯನ್ನು ಮೂವತ್ತು ವರ್ಷ ಕುಡಿದಿದೆ. ಸ್ಟಡ್ ಉಕ್ಕು, ಹೆಡ್ ಅಲ್ಯೂಮಿನಿಯಂ, ನಡುವೆ ಉಪ್ಪುನೀರು. ಮೂರೂ ಸೇರಿದರೆ ಸಣ್ಣದೊಂದು ಬ್ಯಾಟರಿ. ಅದು ಅಲ್ಯೂಮಿನಿಯಮ್ಮನ್ನೇ ತಿಂದು, ಹುಟ್ಟಿದ ಬಿಳಿಪುಡಿಯನ್ನು ಸ್ಕ್ರೂ ಎಳೆಗಳ ಸಂದಿಗೆ ಗಾರೆ ಹಾಕಿದಂತೆ ತುಂಬುತ್ತದೆ. ನಿನ್ನ ಗಾಡಿಯ ಸ್ವಂತ ಬ್ಯಾಟರಿ ಸತ್ತು ಎಷ್ಟು ಕಾಲವಾಯಿತೋ, ಇದು ಮಾತ್ರ ಇನ್ನೂ ಚಾರ್ಜಿನಲ್ಲಿದೆ.”

“ವಿಡಿಯೊದವನೂ ತುಕ್ಕು ಬಿಡಿಸುವ ಸ್ಪ್ರೇಯನ್ನೇ ಹೊಡೆದದ್ದು ಮೇಷ್ಟ್ರೇ. ಹೊಡೆದ, ಸ್ವಲ್ಪ ಸಂಗೀತ ಬಂತು, ನಟ್ ತಿರುಗಿತು.”

“ಸಂಗೀತ ಬಂದಾಗ ಒಂದು ರಾತ್ರಿ ಕಳೆದಿದೆಯಪ್ಪ! ಸಿನಿಮಾದಲ್ಲಿ ಒಂದು ಹಾಡು ಮುಗಿಯುವಷ್ಟರಲ್ಲಿ ಚಡ್ಡಿ ಹಾಕಿದ ಹುಡುಗ ಮೀಸೆ ಬಿಟ್ಟ ನಾಯಕನಾಗುವುದಿಲ್ಲವೇ? ನಮ್ಮ ಗ್ಯಾರೇಜಿನ ಅಜ್ಜ ಏನು ಹೇಳುತ್ತಿದ್ದ, ನೆನಪಿದೆಯೇ?”

“ನಾಳೆ ಬಾ,” ಎಂದರು ಇಬ್ಬರೂ ಒಟ್ಟಿಗೆ.

“ದೆವ್ವ ಬಾರದಿರಲಿ ಎಂದು ಹಿಂದೆ ಮನೆಬಾಗಿಲಿನ ಮೇಲೆ ಬರೆಯುತ್ತಿದ್ದರಲ್ಲ, ಅದನ್ನೇ,” ಎಂದ ಪದ್ದಣ್ಣ.

“ದೆವ್ವ ಓದಿ ಹಿಂದಿರುಗುತ್ತಿತ್ತು. ಗಿರಾಕಿಗೆ ಅಷ್ಟು ವಿದ್ಯೆ ಇರಲಿಲ್ಲ, ಹತ್ತು ನಿಮಿಷಕ್ಕೊಮ್ಮೆ ಬಂದು ಇಣುಕುತ್ತಿದ್ದ. ಅಜ್ಜ ಸೋಮಾರಿ ಎಂದು ನಾವು ತಿಳಿದಿದ್ದೆವು. ಅವನು ಸಂಜೆ ಎಣ್ಣೆ ಬಿಡುತ್ತಿದ್ದ. ಅದು ಎಳೆಎಳೆಯಾಗಿ ಒಳಗಿಳಿಯಬೇಡವೇ? ನಾಳೆ ಬಾ. ಬೆಳಿಗ್ಗೆ ಹೆಡ್ಡಿಗೆ ಕಾವು ಕೊಡುತ್ತಿದ್ದ. ಕಾದರೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಕಾಲು ಸುತ್ತು ಬಿಚ್ಚುವುದು, ಅದರ ಅರ್ಧದಷ್ಟು ಬಿಗಿಯುವುದು, ಮತ್ತೆ ಎಣ್ಣೆ. ಮತ್ತೆ ನಾಳೆ ಬಾ. ಅದು ಉಪಕರಣ ಕಣಯ್ಯ, ಪೆಟ್ಟಿಗೆಯಲ್ಲಿ ಇಡಲಾಗದ ಉಪಕರಣ.”

“ಮುರಿದ ಸ್ಟಡ್ ತೆಗೆಯುವ ಎಕ್ಸ್‌ಟ್ರ್ಯಾಕ್ಟರ್ ಒಂದನ್ನು ತರಿಸುತ್ತಿದ್ದೇನೆ,” ಎಂದ ಸೀನ. “ನಾಳೆ ಬರುತ್ತದಂತೆ.”

“ನೋಡು, ಕೊರಿಯರಿನವನಿಗೂ ಮಂತ್ರ ಗೊತ್ತು! ಆದರೆ ಅದು ಒಳಗೇ ಮುರಿದರೆ ಕಳ್ಳನನ್ನು ಹಿಡಿಯಲು ಹೋದ ಪೊಲೀಸನೂ ಬಾವಿಗೆ ಬಿದ್ದಂತೆ. ಅದರ ಗಡಸು ಉಕ್ಕು ನಿನ್ನ ಡ್ರಿಲ್ಲಿಗೆ ಜಗ್ಗುವುದಿಲ್ಲ. ಸ್ಟಡ್ಡಿನ ತುಂಡು ಎರಡು ಮಿಲಿಮೀಟರ್ ಹೊರಗೆ ಕಾಣುತ್ತಿದೆ, ಪುಣ್ಯವಂತ. ಮೇಲೊಂದು ನಟ್ ಇಟ್ಟು ವೆಲ್ಡ್ ಮಾಡಿಸು, ಆ ಕಾವೇ ಅರ್ಧ ಕೆಲಸ ಮಾಡುತ್ತದೆ. ಹೊಸ ಸ್ಟಡ್ಡಿಗೆ ತಾಮ್ರದ ಗ್ರೀಸ್ ಸವರು, ಹೊಗೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಹೊಸದು ಹಾಕು. ಎರಡು ನಟ್ಟನ್ನೂ ಸ್ವಲ್ಪ ಸ್ವಲ್ಪವಾಗಿ ಸಮನಾಗಿ ಬಿಗಿ. ಆರು ಮಿಲಿಮೀಟರಿನ ಸ್ಟಡ್ಡಿನ ಮೇಲೆ ಪೌರುಷ ತೋರಿಸಬೇಡ.”

“ಇಷ್ಟೆಲ್ಲ ಏಕೆ, ಅಜ್ಜನ ಹತ್ತಿರವೇ ಒಯ್ದರಾಯಿತು,” ಎಂದ ಸೀನ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ಅವನು ಹೋಗಿ ಎರಡು ಮಳೆಗಾಲವಾಯಿತು. ಈಗ ಅಲ್ಲಿ ಮೊಬೈಲಿಗೆ ಗಾಜು ಅಂಟಿಸಿಕೊಡುತ್ತಾರೆ. ಐದೇ ನಿಮಿಷ.”

“ಅಯ್ಯೋ.”

“ನನ್ನ ಸ್ಕೂಟರಿನ ಕಾರ್ಬುರೇಟರ್ ಅವನ ಬಳಿ ಇತ್ತು. ಸೀಮೆಎಣ್ಣೆಯಲ್ಲಿ ನೆನೆಹಾಕಿ ‘ನಾಳೆ ಬನ್ನಿ’ ಎಂದಿದ್ದ. ನಾನು ನಾಳಿದ್ದು ಹೋದೆ.”

ಯಾರೂ ಮಾತಾಡಲಿಲ್ಲ. ಪದ್ದಣ್ಣ ಎಣ್ಣೆಯ ಡಬ್ಬಿ ಎತ್ತಿಕೊಟ್ಟ. ಸೀನ ಮುರಿದ ಸ್ಟಡ್ಡಿನ ಬುಡಕ್ಕೆ ನಾಲ್ಕು ಹನಿ ಬಿಟ್ಟು ಕುಕ್ಕರುಗಾಲಿನಲ್ಲೇ ಕುಳಿತ. ಒಂದು ನಿಮಿಷವೂ ಆಗಿರಲಿಲ್ಲ.

“ಮೇಷ್ಟ್ರೇ, ಈಗ ತಿರುಗಿಸಿ ನೋಡಲೇ?”

“ಕೈ ತೊಳೆದುಕೊಂಡು, ಊಟ ಮಾಡಿ, ಮಲಗು.”