ಸಹಾಯ ಬೇಕು: ಇಷ್ಟು ವರ್ಷ ನಂಬಿದ ಓಪನ್ ಸೋರ್ಸ್ ಕಂಪನಿಯನ್ನು ಬಿಡಲೇ?

ಎಲ್ಲರಿಗೂ ನಮಸ್ಕಾರ. ಒಂದು ಓಪನ್ ಸೋರ್ಸ್ (ಕೋಡನ್ನು ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದ) ಕಂಪನಿಯ ಡೇಟಾಬೇಸನ್ನು ಎಂಟು ವರ್ಷದಿಂದ ಬಳಸುತ್ತಿದ್ದೇನೆ. ಬಗ್‌ಗಳನ್ನು ತಿಳಿಸಿದ್ದೇನೆ, ಒಂದಷ್ಟು ಕೋಡ್ ಕೂಡ ಬರೆದುಕೊಟ್ಟಿದ್ದೇನೆ. ನಮ್ಮ ತಂಡಕ್ಕೆ ಅದನ್ನೇ ಬಳಸೋಣ ಎಂದು ಪಟ್ಟು ಹಿಡಿದವನೂ ನಾನೇ. ಈಗ ಅವರು ಲೈಸೆನ್ಸ್ ಬದಲಿಸಿದ್ದಾರೆ. ಕೋಡ್ ಓದಬಹುದು, ಆದರೆ ಅದನ್ನು ಕ್ಲೌಡ್ ಸೇವೆಯಾಗಿ ಮಾರುವಂತಿಲ್ಲ.

ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಇವರು ದುಡಿದದ್ದನ್ನು ದೊಡ್ಡ ಕ್ಲೌಡ್ ಕಂಪನಿಗಳು ಮಾರಿಕೊಂಡರೆ ಸಂಬಳ ಕೊಡುವುದು ಹೇಗೆ? ಆದರೂ ಯಾರು, ಯಾವುದಕ್ಕೆ ಬಳಸಬೇಕು ಎಂದು ಕಟ್ಟುಪಾಡು ಹಾಕಿದ ಮೇಲೆ ಅದನ್ನು ಓಪನ್ ಸೋರ್ಸ್ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ನಾನು ಬರೆದ ಸಾಲುಗಳೂ ಅದರೊಳಗಿವೆ. ಅದೇ ಹೆಚ್ಚು ನೋಯಿಸುತ್ತಿದೆ.

2024ರಲ್ಲಿ ರೆಡಿಸ್ ಎಂಬ ಡೇಟಾಬೇಸ್‌ನ ಲೈಸೆನ್ಸ್ ಹೀಗೇ ಬದಲಾದಾಗ ಲಿನಕ್ಸ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆಯ ಅಡಿಯಲ್ಲಿ ವಾಲ್ಕೀ ಎಂಬ ಫೋರ್ಕ್ (ಹಳೆಯ ಕೋಡಿನಿಂದ ಕವಲೊಡೆದು ಬೇರೆಯಾಗಿ ಬೆಳೆಯುವ ಪ್ರಾಜೆಕ್ಟ್) ಹುಟ್ಟಿತು. ಮರುವರ್ಷ ರೆಡಿಸ್ ಕೂಡ ಎಜಿಪಿಎಲ್ ಎಂಬ ಓಪನ್ ಸೋರ್ಸ್ ಲೈಸೆನ್ಸ್‌ನ ಆಯ್ಕೆ ಕೊಟ್ಟಿತು. ಹಾಗಾಗಿ ನಮ್ಮ ಕಂಪನಿಯೂ ಮನಸ್ಸು ಬದಲಿಸೀತೆಂದು ಕಾಯಲೇ, ಈಗಲೇ ಫೋರ್ಕ್‌ಗೆ ಹೋಗಲೇ ಎಂದು ತಿಳಿಯುತ್ತಿಲ್ಲ.

ಇಂಥ ಸ್ಥಿತಿ ಎದುರಿಸಿದವರು ಹೇಗೆ ತೀರ್ಮಾನಿಸಿದಿರಿ? ಫೋರ್ಕ್‌ಗೆ ಹೋದವರಿಗೆ ಸೆಕ್ಯೂರಿಟಿ ಅಪ್‌ಡೇಟ್‌ಗಳು ಸಮಯಕ್ಕೆ ಸಿಗುತ್ತಿವೆಯೇ? ನಿಮ್ಮ ಅನುಭವ ದಯವಿಟ್ಟು ತಿಳಿಸಿ.